ಕೈ ಮೂಸುವ ಕೆಲಸ

ಮುನಿವೆಂಕಟಪ್ಪನ ಕೋಪ ಸಾದಲಿ ಸುತ್ತಮುತ್ತಲ ಏಳೂರಿಗೂ ಗೊತ್ತಿದ್ದ ಕೋಪ. ಬಸ್ಸು ತಡವಾಗಿ ಬಂದರೆ ತಡವಾದದ್ದಕ್ಕೆ ಡ್ರೈವರಿಗೆ ಬೈಯುತ್ತಿದ್ದ, ಬೇಗ ಬಂದರೆ ಬೇಗ ಬಂದದ್ದಕ್ಕೆ ಬೈಯುತ್ತಿದ್ದ. ಎತ್ತಿಗೆ ಬೈಯುತ್ತಿದ್ದ, ಕರೆಂಟಿನವರಿಗೆ ಬೈಯುತ್ತಿದ್ದ, ಬೈಯಲು ಯಾರೂ ಸಿಗದಿದ್ದರೆ ಕಾಲಿಗೆ ಕಚ್ಚಿತೆಂದು ತನ್ನ ಚಪ್ಪಲಿಗೇ ಬೈಯುತ್ತಿದ್ದ. ಅಂಥವನು ದಿನಾ ಬೆಳಿಗ್ಗೆ ಎಂಟು ವರ್ಷದ ಮಗಳ ಮುಂದೆ ಎರಡೂ ಅಂಗೈ ಚಾಚಿಕೊಂಡು, ಮೇಷ್ಟ್ರ ಮುಂದೆ ನಿಂತ ಹುಡುಗನ ಹಾಗೆ ನಿಲ್ಲುತ್ತಿದ್ದ ಎಂದರೆ ನಂಬುವವರು ಕಡಿಮೆ. ಆದರೆ ಎಂಬತ್ತೇಳನೇ ಇಸವಿಯ ಬೇಸಿಗೆಯಲ್ಲಿ ಅವನು ಹಾಗೆ ನಿಂತದ್ದುಂಟು.

ಮಗಳ ಹೆಸರು ಶ್ಯಾಮಲ. ಎರಡನೇ ಕ್ಲಾಸು ಮುಗಿದು ಬೇಸಿಗೆ ರಜ ಬಿಟ್ಟಿತ್ತು. ರೇಷ್ಮೆ ಹುಳ ಸಾಕುವ ಹುಳುಮನೆಯ ಬಾಗಿಲಲ್ಲಿ ಅಡ್ಡ ನಿಂತು, ಅಪ್ಪನ ಒಂದೊಂದೇ ಬೆರಳು ಹಿಡಿದು ಮೂಸುವಳು. ಹತ್ತೂ ಬೆರಳು ಮುಗಿಯುವ ತನಕ ಅವನು ಅಲ್ಲಾಡುವ ಹಾಗಿಲ್ಲ. ಮುಗಿದ ಮೇಲೆ ಪಕ್ಕಕ್ಕೆ ಸರಿದು, "ಹೋಗಪ್ಪ" ಎನ್ನುವಳು. ಆಗ ಅವನು ಒಳಗೆ ಹೋಗಿ ಹುಳಕ್ಕೆ ಸೊಪ್ಪು ಹಾಕಬೇಕು.

ರೇಷ್ಮೆ ಹುಳಕ್ಕೂ ಹೊಗೆಸೊಪ್ಪಿಗೂ ಆಗಿಬರುವುದಿಲ್ಲ. ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಹಿಪ್ಪುನೇರಳೆ ಎಲೆ ಮುಟ್ಟಿ ಹಾಕಿದರೆ, ತಿಂದ ಹುಳ ಕಕ್ಕಿಕೊಂಡು ಸಾಯುತ್ತದೆ. ಹುಳ ಮೇಯಿಸುವವರಿಗೆಲ್ಲ ಇದು ಗೊತ್ತು. ಆ ದಿನಗಳಲ್ಲಿ ಅವರು ಒಗ್ಗರಣೆಯ ಘಾಟು ಏಳಿಸುವುದಿಲ್ಲ, ತಲೆಗೆ ವಾಸನೆ ಎಣ್ಣೆ ಹಚ್ಚುವುದಿಲ್ಲ. ಮುನಿವೆಂಕಟಪ್ಪನೂ ಎಲ್ಲ ಪಾಲಿಸುತ್ತಿದ್ದ, ಒಂದನ್ನು ಬಿಟ್ಟು. ಹದಿನಾಲ್ಕನೇ ವಯಸ್ಸಿನಿಂದ ಹೊಗೆಸೊಪ್ಪು ಹಾಕುತ್ತಿದ್ದವನಿಗೆ ಅದಿಲ್ಲದೆ ಹೊತ್ತೇ ಹುಟ್ಟುತ್ತಿರಲಿಲ್ಲ. ಹಾಕುತ್ತಿದ್ದ, ಕೈ ತೊಳೆಯುತ್ತಿದ್ದ, ಒಳಗೆ ಹೋಗುತ್ತಿದ್ದ. ಸಂಕ್ರಾಂತಿ ಹೊತ್ತಿನ ಬೆಳೆಯಲ್ಲಿ ಅರ್ಧಕ್ಕರ್ಧ ಹುಳ ಸತ್ತವು. ಚಳಿಗೆ ಸತ್ತವು ಎಂದು ಮುನಿವೆಂಕಟಪ್ಪ ಊರಿಗೆಲ್ಲ ಹೇಳಿಕೊಂಡು ಬಂದ. ಅವನ ತಾಯಿ ವೆಂಕಟರತ್ನಮ್ಮ ಮಾತ್ರ ಒಪ್ಪಲಿಲ್ಲ.

ಹಾಗಾಗಿ ಏಪ್ರಿಲ್ಲಿನಲ್ಲಿ ಹೊಸದಾಗಿ ಮರಿಹುಳ ತಂದ ದಿನ ಮುದುಕಿ ಮಗನನ್ನು ಬಾಗಿಲಲ್ಲೇ ತಡೆದಳು. ಗುಬ್ಬಚ್ಚಿಯಷ್ಟೇ ಗಾತ್ರದ ಹೆಂಗಸು, ಆದರೆ ಅವಳು ನಿಂತರೆ ಎತ್ತೂ ದಾಟುತ್ತಿರಲಿಲ್ಲ. ಮಗಳ ತಲೆ ಮೇಲೆ ಕೈಯಿಟ್ಟು ಆಣೆ ಮಾಡಿದರೆ ಮಾತ್ರ ಹುಳ ಒಳಗೆ ಹೋಗುತ್ತವೆ ಎಂದಳು. ಮುನಿವೆಂಕಟಪ್ಪ ಕೂಗಾಡಿದ, ಹೆಗಲ ಟವಲ್ಲು ಕಿತ್ತೆಸೆದ, ಈ ಮನೆಯಲ್ಲಿ ತನಗೆ ಬೆಲೆಯೇ ಇಲ್ಲವೆಂದ. ಮುದುಕಿ ಕೇಳಿಸಿಕೊಂಡು ಅಲ್ಲೇ ನಿಂತಿದ್ದಳು. ಮರಿಹುಳ ಬಿಸಿಲಲ್ಲಿ ಎಷ್ಟು ಹೊತ್ತು ತಡೆದಾವು? ಕೊನೆಗೆ ಅವನೇ ಸೋತು ಶ್ಯಾಮಲಳ ನೆತ್ತಿಯ ಮೇಲೆ ಅಂಗೈ ಇಟ್ಟ.

"ಹುಳ ಗೂಡು ಕಟ್ಟೋ ತನಕ ಹೊಗೆಸೊಪ್ಪು ಮುಟ್ಟಲ್ಲ. ಆಯ್ತಾ?"

"ನಂಗೆ ಹೇಳ್ಬೇಡ, ಅವಳಿಗೆ ಹೇಳು," ಎಂದಳು ಮುದುಕಿ. ಆಮೇಲೆ ಮೊಮ್ಮಗಳ ಕಡೆ ಬಗ್ಗಿ, "ನೋಡಮ್ಮ, ಆಣೆ ತಪ್ಪಿದ್ರೆ ಅದು ಆಣೆ ಇಟ್ಟೋನಿಗೆ ಬರಲ್ಲ. ಇಡಿಸ್ಕೊಂಡ ತಲೆಗೆ ಬರ್ತದೆ. ನಿನ್ ತಲೆ, ನೀನೇ ಕಾಯ್ಕೊ," ಎಂದಳು.

ಶ್ಯಾಮಲಳ ತಾಯಿ ವರಲಕ್ಷ್ಮಮ್ಮನಿಗೆ ಇದು ಸರಿಬರಲಿಲ್ಲ. ಇರುವ ಒಂದು ಮಗುವಿನ ತಲೆಯನ್ನು ಹೊಗೆಸೊಪ್ಪಿಗೆ ಅಡ ಇಡುವುದೇ ಎಂದು ಅವಳಿಗೆ ಸಂಕಟ. ಅತ್ತೆಯ ಮುಂದೆ ಮಾತು ಬರದೆ, ಅಡುಗೆಮನೆಯಲ್ಲಿ ಆ ದಿನವೆಲ್ಲ ಪಾತ್ರೆಗಳನ್ನು ಕುಕ್ಕಿದಳು. ಶ್ಯಾಮಲಳಿಗೆ ಮಾತ್ರ ಮನೆಯಲ್ಲಿ ದೊಡ್ಡ ಕೆಲಸವೊಂದು ಸಿಕ್ಕ ಹಾಗಾಯಿತು. ಮೂಸುವ ಕೆಲಸ ಶುರುವಾದದ್ದು ಹೀಗೆ.

ಹೊಗೆಸೊಪ್ಪು ಬಿಟ್ಟ ಮನುಷ್ಯನ ಕೋಪ ಕೇಳಬೇಕೆ? ಮೂರನೇ ದಿನ ಸಾರಿಗೆ ಉಪ್ಪು ಹೆಚ್ಚೆಂದು ಜಗಳ, ಐದನೇ ದಿನ ಉಪ್ಪು ಕಡಿಮೆಯೆಂದು ಜಗಳ. ಎಂಟನೇ ದಿನ ಬಕೆಟ್ಟು ಒದ್ದು ಹೆಬ್ಬೆರಳಿನ ಉಗುರು ಕಿತ್ತುಕೊಂಡ. ನೆಂಟರು ಶಿಡ್ಲಘಟ್ಟದಿಂದ ಬಂದವರು ಒಂದು ಲೋಟ ಕಾಫಿ ಕುಡಿದು, ಕಂಡ ಬಸ್ಸಿಗೆ ಹತ್ತಿ ಹೋದರು. ಅವನ ಹತ್ತಿರ ಸುಳಿಯುವ ಧೈರ್ಯವಿದ್ದದ್ದು ಮಗಳಿಗೆ ಒಬ್ಬಳಿಗೇ. ಅವಳಿಗೆ ಅದು ಧೈರ್ಯವೆಂದೂ ಗೊತ್ತಿರಲಿಲ್ಲ.

ಬೆಳಗಾಗುವ ಮುಂಚೆ ಇಬ್ಬರೂ ತೋಟಕ್ಕೆ ಹೊರಡುತ್ತಿದ್ದರು. ತೋಟ ಊರಿಗೆ ಪಡುವಲಲ್ಲಿ, ಒಂದು ಮೈಲಿ. ಸೊಪ್ಪು ತಂಪಿನಲ್ಲೇ ಬಿಡಿಸಬೇಕು, ಬಿಸಿಲೇರಿದರೆ ಬಾಡುತ್ತದೆ. ಅವನು ದೊಡ್ಡ ಸಾಲುಗಳಲ್ಲಿ ಬಿಡಿಸಿದರೆ ಅವಳು ಕೈಗೆಟುಕುವ ಗಿಡಗಳಲ್ಲಿ ಬಿಡಿಸುವಳು, ಬಿಡಿಸಿದ್ದಕ್ಕಿಂತ ಹಿಪ್ಪುನೇರಳೆ ಹಣ್ಣು ತಿಂದದ್ದೇ ಹೆಚ್ಚು. ನಾಲಿಗೆ ಕಪ್ಪಾಗಿದೆಯೆಂದು ಅಪ್ಪ ಗದರಿದರೆ, ನಾಲಿಗೆ ಒಳಗೆಳೆದುಕೊಂಡು ಬಾಯಿ ಮುಚ್ಚಿಕೊಂಡೇ ಉತ್ತರ ಹೇಳುವಳು. ಕರೆಂಟು ಬಂದಿದ್ದರೆ ಪಂಪಿನ ತೊಟ್ಟಿಯಲ್ಲಿ ಇಬ್ಬರಿಗೂ ಸ್ನಾನ. ಮಾವಿನಕಾಯಿ ಕಿತ್ತರೆ ಮೊದಲ ಕಡಿತ ಅವನದು. ಅವನ ಮುಖ ಎಷ್ಟು ಕಿವುಚಿಕೊಂಡಿತು ಎಂದು ನೋಡಿ, ಉಪ್ಪು ಎಷ್ಟು ಹಚ್ಚಬೇಕೆಂದು ಅವಳು ತೀರ್ಮಾನ ಮಾಡುವಳು.

ರಜ ಶುರುವಾದ ವಾರದಲ್ಲೇ ಅವಳ ಒಂದು ಚಪ್ಪಲಿ ಬಾವಿಗೆ ಬಿದ್ದಿತ್ತು. ಸ್ಕೂಲು ತೆರೆಯುವ ತನಕ ಬೇರೆ ಇಲ್ಲ, ಬರಿಗಾಲಲ್ಲಿ ನಡೆದು ಬುದ್ಧಿ ಕಲಿ ಎಂದಿದ್ದ ಅಪ್ಪ. ಅವಳು ಬುದ್ಧಿ ಕಲಿಯುವ ಬದಲು ಉಪಾಯ ಕಲಿತಳು. ಸೊಪ್ಪು ಹೊತ್ತು ಊರ ಕಡೆ, ಮೂಡಲಿಗೆ ಮುಖ ಮಾಡಿ ಬರುವಾಗ ಅವನ ನೆರಳು ಹಿಂದಕ್ಕೆ ಬೀಳುತ್ತಿತ್ತು. ತಲೆಯ ಮೇಲೆ ಸೊಪ್ಪಿನ ಹೊರೆ ಇರುವುದರಿಂದ ನೆರಳು ಚಾಪೆಯಷ್ಟು ಅಗಲ. ಅವಳು ಆ ನೆರಳಿನೊಳಗೇ ಹೆಜ್ಜೆಯಿಡುತ್ತ ಬರುವಳು. ಅವನು ಬಿರಬಿರನೆ ನಡೆಯುವ ಆಸಾಮಿ. ಆದರೆ ಆ ದಾರಿಯಲ್ಲಿ ಮಾತ್ರ ಹೆಜ್ಜೆ ಗಿಡ್ಡ ಮಾಡುತ್ತಿದ್ದ. ಯಾಕೆ ನಿಧಾನ ಎಂದು ಯಾರಾದರೂ ಕೇಳಿದರೆ ಹೊರೆ ಭಾರ ಎಂದು ರೇಗುತ್ತಿದ್ದ.

ಹದಿನೆಂಟು ದಿನ ಹೀಗೇ ನಡೆಯಿತು. ಹುಳ ನಾಲ್ಕನೇ ಜ್ವರಕ್ಕೆ ಕೂತವು. ಹುಳ ನಾಲ್ಕು ಸಲ ಮೈಯ ಪೊರೆ ಕಳಚುತ್ತದೆ, ಪ್ರತಿಸಲವೂ ಒಂದು ದಿನ ಏನೂ ತಿನ್ನದೆ ತಲೆಯೆತ್ತಿಕೊಂಡು ಮಂಕಾಗಿ ಕೂರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಅನ್ನುತ್ತಾರೆ. ಎಲ್ಲವೂ ಒಟ್ಟಿಗೆ ಏಳಬೇಕು. ಏಳದೆ ಹಿಂದೆ ಬಿದ್ದವನ್ನು ಆರಿಸಿ ತಿಪ್ಪೆಗೆ ಎಸೆಯುವುದು ಪದ್ಧತಿ. ಇಟ್ಟುಕೊಂಡರೆ ರೋಗ ಹಿಡಿದು ಮಿಕ್ಕವಕ್ಕೂ ಅಂಟಿಸುತ್ತವೆ ಎಂಬ ಭಯ. ಮುನಿವೆಂಕಟಪ್ಪ ಅಂಥ ಮೂವತ್ತು ನಲವತ್ತು ಹುಳ ಆರಿಸಿ ಕಾಗದದ ಮೇಲೆ ಹಾಕಿಕೊಂಡು ಹೊರಗೆ ಬಂದ. ಬಾಗಿಲಲ್ಲಿ ಶ್ಯಾಮಲ ನಿಂತಿದ್ದಳು.

"ಯಾಕಪ್ಪ ಎಸೀತೀಯ?"

"ಎಲ್ಲಾ ಎದ್ದವೆ, ಇವು ಎದ್ದಿಲ್ಲ."

"ನಾಳೆ ಎದ್ರೆ?"

"ನಾಳೆ ಎದ್ರೆ ಅವು ನಾಳೆ ಹುಳ. ನಂಗೆ ಇವತ್ತಿನ ಹುಳ ಬೇಕು. ದಾರಿ ಬಿಡು."

ಅವಳು ಬಿಡಲಿಲ್ಲ. "ನಾನೂ ಸ್ಲೇಟಲ್ಲಿ ಎಲ್ಲರಿಗಿಂತ ನಿಧಾನ ಬರಿಯೋದು. ಮೇಷ್ಟ್ರೇನು ನನ್ನ ತಿಪ್ಪೆಗೆ ಎಸೆದ್ರಾ?" ಎಂದಳು.

ಮುನಿವೆಂಕಟಪ್ಪ ಹಳೆಯ ಮೊರವೊಂದನ್ನು ತಂದು ಹುಳಗಳನ್ನು ಅದಕ್ಕೆ ಸುರಿದು ಕೊಟ್ಟ. ಮೊರ ಜಗಲಿಯಲ್ಲೇ ಇರಬೇಕು, ಹುಳುಮನೆಯ ಹೊಸಿಲ ಹತ್ತಿರಕ್ಕೂ ಬರಕೂಡದು, ಅವನ್ನು ಮುಟ್ಟಿದ ಕೈಯಲ್ಲಿ ಏನನ್ನೂ ಮುಟ್ಟಕೂಡದು ಎಂದು ಬೆರಳು ಅಲ್ಲಾಡಿಸಿ ಹೇಳಿದ. ಅವಳು ಎಲ್ಲದಕ್ಕೂ ಹೂಂ ಎಂದಳು. ಮರುದಿನ ಅವುಗಳಲ್ಲಿ ಹೆಚ್ಚಿನವು ಎದ್ದು ಸೊಪ್ಪು ಮೇಯತೊಡಗಿದವು. ಅವಳು ಅವನ್ನು ನಾಳೆ ಹುಳ ಎಂದೇ ಕರೆದಳು.

ಜ್ವರ ಎದ್ದ ಮೇಲೆ ಹುಳ ಮೇಯುವ ರಭಸವೇ ಬೇರೆ. ಹುಳುಮನೆಯ ಹೊರಗೆ ನಿಂತರೂ ಹತ್ತು ಜನ ಹೆಂಗಸರು ಒಟ್ಟಿಗೆ ಪಿಸುಗುಟ್ಟಿದ ಹಾಗೆ ಸದ್ದು ಕೇಳುತ್ತಿತ್ತು. ಎಷ್ಟು ಸೊಪ್ಪು ತಂದರೂ ಸಾಲದು. ಇನ್ನು ಎರಡು ಮೂರು ದಿನ ತಳ್ಳಿದರೆ ಹುಳ ಹಣ್ಣಾಗಿ ಗೂಡು ಕಟ್ಟಲು ಶುರುಮಾಡುತ್ತವೆ ಅನ್ನುವಾಗ ಅದು ನಡೆಯಿತು.

ಆ ಬೆಳಿಗ್ಗೆ ಪಕ್ಕದ ಬಾವಿಯ ಕೋನಪ್ಪ ಹೊಂಗೆ ಮರದ ಕೆಳಗೆ ಕರೆಂಟಿಗೆ ಕಾಯುತ್ತ ಕೂತಿದ್ದ. ಮುನಿವೆಂಕಟಪ್ಪನ ಬಾಲ್ಯದ ಗೆಳೆಯ. ಕೆಟ್ಟವನಲ್ಲ, ಆದರೆ ಒಬ್ಬನೇ ಕೆಡಲು ಬೇಜಾರು ಅವನಿಗೆ. ಅಂಗೈಯಲ್ಲಿ ಹೊಗೆಸೊಪ್ಪಿಗೆ ಸುಣ್ಣ ಹಾಕಿ ತಿಕ್ಕುತ್ತಿದ್ದ. ಸೊಪ್ಪಿನ ಹೊರೆ ಕಟ್ಟಿ ಮುಗಿಸಿದ್ದ ಮುನಿವೆಂಕಟಪ್ಪ ಹೋಗಿ ಪಕ್ಕದಲ್ಲಿ ಕೂತ. ವಾಸನೆಯಾದರೂ ಸಿಗಲಿ ಅಂತ ಕೂತದ್ದು, ಬೇರೇನೂ ಇಲ್ಲ.

"ಒಂದು ಎಸಳು ಹಾಕ್ಕೊಳೋ," ಎಂದ ಕೋನಪ್ಪ.

"ಆಣೆ ಐತೆ."

"ಹುಳ ಇರೋದು ಊರಲ್ಲಿ, ನೀನಿರೋದು ಬಾವಿ ಹತ್ರ. ನಿನ್ ಹುಳಕ್ಕೇನು ಬೈನಾಕುಲರ್ ಕೊಡ್ಸಿದೀಯಾ?"

ಮುನಿವೆಂಕಟಪ್ಪ ತಿರುಗಿ ನೋಡಿದ. ಶ್ಯಾಮಲ ದೂರದ ಸಾಲಿನಲ್ಲಿ, ಗಿಡಗಳ ನಡುವೆ ಜಡೆ ಮಾತ್ರ ಕಾಣುತ್ತಿತ್ತು. ಇಪ್ಪತ್ತಮೂರು ದಿನ ತಡೆದ ಮನುಷ್ಯ. ಒಂದು ಎಸಳು ಕೆಳದುಟಿಗೆ ಸೇರಿದ ಕೂಡಲೇ ಮರ, ಬಾವಿ, ಕೋನಪ್ಪ, ಎಲ್ಲವೂ ಚೆಂದ ಕಂಡವು. ಕರೆಂಟಿನವರ ಮೇಲೂ ಪ್ರೀತಿ ಬಂತು. ಕೋನಪ್ಪ ಕೊಟ್ಟ ಇನ್ನೊಂದು ತುಂಡನ್ನು ಟವಲ್ಲಿನ ಮೂಲೆಗೆ ಗಂಟು ಹಾಕಿಕೊಂಡ.

ಎದ್ದು ಉಗಿದು, ಬಾಯಿ ಮುಕ್ಕಳಿಸಿ, ಮರಳು ಹಾಕಿ ಕೈ ಉಜ್ಜಿದ. ಅಷ್ಟರಲ್ಲಿ ಶ್ಯಾಮಲ ಇನ್ನೊಂದು ತೆಕ್ಕೆ ಸೊಪ್ಪು ತಂದು ಮುಂದೆ ಹಾಕಿದಳು. ಹೊರೆ ಆಗಲೇ ಬಿಗಿದು ಆಗಿತ್ತು. ಬಾಯಿಯ ಸುಖದಲ್ಲಿ ಮನಸ್ಸು ಎಲ್ಲೋ ಇದ್ದವನು, ಹೆಗಲ ಟವಲ್ಲು ಹಾಸಿ ಆ ಸೊಪ್ಪನ್ನು ಅದರಲ್ಲೇ ತುಂಬಿದ. ಬಾಡದಿರಲೆಂದು ನೀರು ಚಿಮುಕಿಸಿ, ನಾಲ್ಕು ಮೂಲೆ ಸೇರಿಸಿ ಕಟ್ಟಿ, ಮಗಳ ತಲೆಯ ಮೇಲೆ ಇಟ್ಟ.

ದಾರಿಯಲ್ಲಿ ಅವಳು ಎಂದಿನಂತೆ ನೆರಳಿನಲ್ಲೇ ಬಂದಳು. ಅರ್ಧ ದಾರಿಗೆ, "ಅಪ್ಪ, ಟವಲ್ಲು ಏನೋ ವಾಸ್ನೆ," ಎಂದಳು.

"ಬೇವಿನ ಸೊಪ್ಪು ಒರೆಸಿದ್ದೆ. ಸುಮ್ನೆ ನಡಿ."

ಹುಳುಮನೆಯ ಬಾಗಿಲಲ್ಲಿ ಅವನು ಕೈ ಚಾಚಿದ. ಅವಳು ಮೂಸಿದಳು. ಬಲಗೈ ಹೆಬ್ಬೆರಳ ಹತ್ತಿರ ಅವಳ ಮೂಗು ನಿಂತಿತು. ಮತ್ತೊಮ್ಮೆ ಮೂಸಿದಳು. ಕತ್ತೆತ್ತಿ ಅವನ ಮುಖ ನೋಡಿದಳು. ಒಳಗಿಂದ ಅಜ್ಜಿ, ಆಯ್ತೇನಮ್ಮ ಎಂದು ಕೇಳಿದಳು.

"ಆಯ್ತಜ್ಜಿ," ಎಂದಳು ಶ್ಯಾಮಲ. ಪಕ್ಕಕ್ಕೆ ಸರಿದು, "ಹೋಗಪ್ಪ," ಎಂದಳು.

ಮೋಸಹೋಯಿತು ಮಗು, ಎಂದುಕೊಂಡ ಅವನು. ಸ್ವಲ್ಪ ನಗುವೂ ಬಂತು. ಟವಲ್ಲಿನ ಸೊಪ್ಪನ್ನು ಬಾಗಿಲ ಬಳಿ ಹುಳ ಹರಡಿದ್ದ ಎರಡು ಬಿದಿರ ತಟ್ಟೆಗೂ ಹೊರೆಯ ಸೊಪ್ಪನ್ನು ಮಿಕ್ಕ ತಟ್ಟೆಗಳಿಗೂ ಹಾಕಿ, ಹೊರಗೆ ಬಂದು ಟವಲ್ಲು ಕೊಡವದೆ ಹೆಗಲಿಗೆ ಎಸೆದುಕೊಂಡ.

ಆ ದಿನ ಶ್ಯಾಮಲ ಎಲ್ಲಿಗೂ ಹೋಗಲಿಲ್ಲ. ದಿನಾ ಹತ್ತುತ್ತಿದ್ದ ಹುಣಸೆ ಮರ ಹತ್ತಲಿಲ್ಲ. ನೀರು ಸೇದಲು ತಾಯಿ ಕರೆದರೆ ಬಾವಿಕಟ್ಟೆ ಕಡೆಗೆ ಹೋಗಲಿಲ್ಲ. ಐಸ್‌ಕ್ಯಾಂಡಿಯವನು ಸೈಕಲ್ಲಿನ ಡಬ್ಬಿ ಬಡಿಯುತ್ತ ಬಂದಾಗ ಊರಿನ ಮಕ್ಕಳೆಲ್ಲ ಓಡಿದವು. ಅವಳು ಮಾತ್ರ ಜಗಲಿಯ ಗೋಡೆಗೆ ಒರಗಿ, ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಕೂತಿದ್ದಳು. ಬಿಸಿಲು ತಾಗಿರಬೇಕೆಂದು ತಾಯಿ ಮಜ್ಜಿಗೆ ಕುಡಿಸಿದಳು. ಮಧ್ಯಾಹ್ನ ಜಗಲಿಗೆ ಬಿಸಿಲು ಬಿತ್ತು. ಮೊರದ ಹುಳ ಬಾಡುತ್ತವೆಂದು ಅವಳು ಮೊರವನ್ನು ಹುಳುಮನೆಯ ಬಾಗಿಲಿಗೆ ಇಳಿಬಿಟ್ಟಿದ್ದ ಒದ್ದೆ ಗೋಣಿಯ ತಂಪಿಗೆ ಸರಿಸಿಟ್ಟಳು. ಇಡಕೂಡದ ಜಾಗ ಅದು. ಆದರೆ ತಂಪಿದ್ದದ್ದು ಅಲ್ಲಿ ಮಾತ್ರ.

ಎರಡು ಗಂಟೆಗೆ ಮುನಿವೆಂಕಟಪ್ಪ ಸೊಪ್ಪು ಹಾಕಲು ಒಳಗೆ ಹೋದ. ಬಾಗಿಲ ಬಳಿಯ ಎರಡು ತಟ್ಟೆಗಳಲ್ಲಿ ಪಿಸುಮಾತು ನಿಂತಿತ್ತು. ಹುಳ ತಲೆ ಮೇಲೆತ್ತಿ ಆಡಿಸುತ್ತಿದ್ದವು, ಹಸಿರು ಕಕ್ಕುತ್ತಿದ್ದವು, ಮೈ ತಿರುಚಿಕೊಂಡು ಒಂದರ ಮೇಲೊಂದು ಬೀಳುತ್ತಿದ್ದವು. ಕೆಲವು ಆಗಲೇ ಮೆತ್ತಗಾಗಿದ್ದವು. ಅವನು ಹಾಗೇ ಹೊರಗೆ ಬಂದ, ಬರುವಾಗ ಕಾಲು ಮೊರಕ್ಕೆ ಎಡವಿತು.

ಇಪ್ಪತ್ತು ವರ್ಷ ಹುಳ ಮೇಯಿಸಿದವನು ಅವನು. ರೋಗ ಬಂದ ಹುಳ ಹೀಗೆ ಅರ್ಧ ದಿನದಲ್ಲಿ ಕಕ್ಕಿಕೊಂಡು ಸಾಯುವುದಿಲ್ಲ, ಅದಕ್ಕೆ ದಿನಗಳು ಬೇಕು, ಅದರ ಬಣ್ಣವೇ ಬೇರೆ ಎಂದು ಎಳೆಯರಿಗೆ ಹೇಳಿಕೊಡುತ್ತಿದ್ದವನೇ ಅವನು. ಆದರೆ ಕೋಪ ಬಂದ ಮನುಷ್ಯನಿಗೆ ಕಣ್ಣು ಎರಡಿದ್ದರೇನು, ನಾಲ್ಕಿದ್ದರೇನು? ಅವನಿಗೆ ಕಂಡದ್ದು ಮೊರ ಒಂದೇ.

ಎಷ್ಟು ಸಲ ಹೇಳಿದ್ದೆ ಎಂದು ಕೂಗಿದ. ತಿಪ್ಪೆ ಹುಳ ತಂದು ಮನೆ ಹುಳ ಕೊಂದೆ ಎಂದ. ಜಗಲಿಗೆ ಹಾರಿ ಹೋಗಿ, ಕೂತಿದ್ದ ಮಗಳ ನೆತ್ತಿಯ ಮೇಲೆ ಗೆಣ್ಣಿನಿಂದ ಬಲವಾಗಿ ಒಂದು ಮೊಟಕಿದ. ಆ ಸದ್ದಿಗೆ ವರಲಕ್ಷ್ಮಮ್ಮ ಒಳಗಿಂದ ಓಡಿಬಂದಳು. ಎಂಟು ವರ್ಷದಲ್ಲಿ ಅವನು ಮಗಳ ಮೇಲೆ ಕೈ ಮಾಡಿದ್ದು ಅದೇ ಮೊದಲು. ಅಷ್ಟಕ್ಕೇ ನಿಲ್ಲದೆ ಮೊರ ಎತ್ತಿಕೊಂಡು ಹೋಗಿ ಹಿತ್ತಲ ತಿಪ್ಪೆಗೆ ಬೀಸಿ ಎಸೆದ.

"ಹೆಣ್ ಮಗೂ ತಲೆ ಮೇಲೆ ಕೈಯೆತ್ತಬೇಡ್ವೋ," ಎಂದಳು ವೆಂಕಟರತ್ನಮ್ಮ.

ಶ್ಯಾಮಲ ಅಳಲಿಲ್ಲ. ನಾನಲ್ಲ ಎನ್ನಲಿಲ್ಲ. ನೆತ್ತಿ ಸವರಿಕೊಂಡು, ಏನೋ ದೊಡ್ಡ ಕೆಲಸ ಮುಗಿಯಿತು ಅನ್ನುವ ಹಾಗೆ ಉಸಿರು ಬಿಟ್ಟು, ಎದ್ದು ಹಿತ್ತಲ ಕಡೆ ಹೋದಳು. ಸುಡುವ ನೆಲದ ಮೇಲೆ ಬರಿಗಾಲಲ್ಲಿ, ಬಿಸಿಲಿನಲ್ಲೇ ಹೋದಳು.

ಸತ್ತ ಹುಳದ ಎರಡು ತಟ್ಟೆಗಳನ್ನು ಹೊರಗೆ ಸಾಗಿಸಿ, ಮಣ್ಣು ಮಾಡಿ, ಮುನಿವೆಂಕಟಪ್ಪ ಯಾರ ಮುಖವನ್ನೂ ನೋಡದೆ ತೋಟಕ್ಕೆ ನಡೆದ. ಮಿಕ್ಕ ತಟ್ಟೆಗಳ ಹುಳ ಚೆನ್ನಾಗಿ ಮೇಯುತ್ತಿದ್ದವು. ಅದಾದರೂ ಅವನ ಕೋಪ ತಗ್ಗಿಸಬೇಕಿತ್ತು, ತಗ್ಗಿಸಲಿಲ್ಲ. ಹೊಂಗೆ ಮರದ ಕೆಳಗೆ ಕೂತ. ಆಣೆ ಒಂದು ಸಲ ಮುರಿದಾಗಿದೆ, ಇನ್ನೇನು ಎಂದು ಟವಲ್ಲಿನ ಮೂಲೆಯ ಗಂಟಿಗೆ ಕೈ ಹಾಕಿದ.

ಗಂಟು ಇರಲಿಲ್ಲ. ಮೂಲೆ ಬಿಚ್ಚಿಕೊಂಡು ಒದ್ದೆಯಾಗಿ ಒಣಗಿ, ಕಾಫಿ ಚೆಲ್ಲಿದ ಬಣ್ಣದ ಕಲೆಯಾಗಿತ್ತು. ಹೊಗೆಸೊಪ್ಪಿನ ಒಂದು ದಂಟು ಮಾತ್ರ ನೂಲಿಗೆ ಸಿಕ್ಕಿಕೊಂಡಿತ್ತು. ಆ ದಂಟಿಗೆ ಹಿಪ್ಪುನೇರಳೆ ಎಲೆಯ ಒಂದು ಚೂರು ಅಂಟಿತ್ತು.

ಅವನು ಅದನ್ನು ಬಹಳ ಹೊತ್ತು ನೋಡಿದ. ಟವಲ್ಲಿನಲ್ಲಿ ಸೊಪ್ಪು ತುಂಬಿದ್ದು ಯಾರು? ನೀರು ಚಿಮುಕಿಸಿದ್ದು ಯಾರು? ಆ ಸೊಪ್ಪು ಬಿದ್ದದ್ದು ಯಾವ ತಟ್ಟೆಗೆ? ಒಂದೊಂದೇ ಪ್ರಶ್ನೆ ಬಂದು ಎದುರಿಗೆ ಕೂತಿತು. ಯಾರಿಗಾದರೂ ಬೈಯೋಣವೆಂದರೆ ಸುತ್ತ ಯಾರೂ ಇರಲಿಲ್ಲ. ಕೋನಪ್ಪನಿಗೆ ಬೈಯಬಹುದಿತ್ತು, ಆದರೆ ಕೋನಪ್ಪ ಕೊಟ್ಟನೇ ಹೊರತು ಬಾಯಿಗೆ ತುರುಕಲಿಲ್ಲ. ಆ ಮೇಲೆ ಬೆಳಗಿನ ಬಾಗಿಲು ನೆನಪಾಯಿತು. ಹೆಬ್ಬೆರಳ ಹತ್ತಿರ ನಿಂತ ಮೂಗು, ಕತ್ತೆತ್ತಿ ನೋಡಿದ ಕಣ್ಣು. ಮೋಸಹೋದದ್ದು ಮಗುವಲ್ಲ. ದಂಟನ್ನು ಕಿತ್ತು ಬಾವಿಯ ಆಚೆಗೆ ಎಸೆದು ಅವನು ಊರ ಕಡೆ ಬಿರಬಿರನೆ ನಡೆದ. ಸಂಜೆಯಾಗುತ್ತಿತ್ತು. ಈಗ ಸೂರ್ಯ ಬೆನ್ನಿಗಿದ್ದ, ನೆರಳು ಅವನ ಮುಂದೆ ಮುಂದೆ ಓಡುತ್ತಿತ್ತು. ಅದರಲ್ಲಿ ಯಾರೂ ಇರಲಿಲ್ಲ.

ಶ್ಯಾಮಲ ತಿಪ್ಪೆಯ ಮೇಲೆ ಕುಕ್ಕರಗಾಲಲ್ಲಿ ಕೂತು, ಗೊಬ್ಬರದ ನಡುವೆ ಬಗ್ಗಿ ಬಗ್ಗಿ ಹುಡುಕುತ್ತಿದ್ದಳು. ಸಿಕ್ಕ ಹುಳಗಳನ್ನು ಲಂಗದ ಮಡಿಲಲ್ಲಿ ಹಾಕಿಕೊಂಡಿದ್ದಳು. ಅವನು ಪಕ್ಕದಲ್ಲಿ ಬಂದು ಕೂತದ್ದಕ್ಕೆ ಹೆದರಲಿಲ್ಲ, ತಿರುಗಿಯೂ ನೋಡಲಿಲ್ಲ.

"ಎಷ್ಟು ಸಿಕ್ಕವೆ?" ಎಂದ.

"ಹನ್ನೊಂದು. ಮಿಕ್ಕವು ಕೋಳಿ ತಿಂದ್ವು."

ಅವನೂ ಹುಡುಕತೊಡಗಿದ. ಒಂದು ಸಿಕ್ಕಿತು, ಅವಳ ಮಡಿಲಿಗೆ ಹಾಕಿದ. ಆಮೇಲೆ ಕೇಳಿದ:

"ಬೆಳಿಗ್ಗೆ ನನ್ ಕೈ ವಾಸ್ನೆ ಗೊತ್ತಾಯ್ತಲ್ವಾ ನಿಂಗೆ?"

"ಹೂಂ."

"ಮತ್ತೆ ಅಜ್ಜಿಗೆ ಯಾಕ್ ಹೇಳ್ಲಿಲ್ಲ?"

"ಅಜ್ಜಿ ನಿನ್ನ ಬೈಯೋಳು. ನೀನು ಅಜ್ಜಿನ ಬೈಯ್ತಿದ್ದೆ. ಅಮ್ಮ ಪಾತ್ರೆ ಕುಕ್ಕೋಳು."

ಮನೆಯ ಸಂಸಾರವೆಲ್ಲ ಅಷ್ಟರಲ್ಲೇ ಬಂತು. ಮುನಿವೆಂಕಟಪ್ಪ ಗೊಬ್ಬರವನ್ನು ಸುಮ್ಮನೆ ಕೆದಕಿದ. ಹೊಡೆದಾಗಲಾದರೂ ಹೇಳಬಹುದಿತ್ತಲ್ಲ ಎಂದು ಮೆಲ್ಲಗೆ ಕೇಳಿದ. ಅವಳು ಈ ಸಲ ಅವನ ಕಡೆ ತಿರುಗಿದಳು, ತಿಳಿಯದವನಿಗೆ ತಿಳಿಸಿ ಹೇಳುವ ಹಾಗೆ.

"ಆಣೆ ತಪ್ಪಿದ್ರೆ ತಲೆಗೆ ಬರ್ತದೆ ಅಂದಿದ್ಲಲ್ಲಪ್ಪ ಅಜ್ಜಿ. ಏನ್ ಬರ್ತದೋ ಅಂತ ಬೆಳಿಗ್ಗೆಯಿಂದ ಕಾಯ್ತಾ ಇದ್ದೆ. ಮರದಿಂದ ಬೀಳ್ತೀನೋ ಅಂತ ಮರ ಹತ್ಲಿಲ್ಲ. ಬಾವಿ ಹತ್ರ ಹೋಗ್ಲಿಲ್ಲ. ಆಮೇಲೆ ನೀನ್ ಬಂದು ಮೊಟಕಿದ್ಯಲ್ಲ, ಅದೇ ಅದು. ಬಂತು, ಹೋಯ್ತು. ಇನ್ನೇನೂ ಬರಲ್ಲ." ನೆತ್ತಿ ಮುಟ್ಟಿ ನೋಡಿಕೊಂಡು, "ನೋವೇನ್ ಅಷ್ಟೊಂದಿಲ್ಲ," ಎಂದಳು.

ಮುನಿವೆಂಕಟಪ್ಪ ಅವಳ ನೆತ್ತಿಯ ಮೇಲೆ ಕೈಯಿಡಲು ಹೋದ, ಆಣೆಯಿಟ್ಟ ಕೈಯೂ ಅದೇ, ಮೊಟಕಿದ ಕೈಯೂ ಅದೇ ಎಂದು ನೆನಪಾಗಿ ಅರ್ಧದಲ್ಲೇ ಹಿಂದಕ್ಕೆ ತೆಗೆದುಕೊಂಡ. ಎದ್ದು ಅವಳನ್ನು ಲಂಗದ ಮಡಿಲ ಸಮೇತ ಎತ್ತಿ ಸೊಂಟಕ್ಕೆ ಹಾಕಿಕೊಂಡ. ಎಂಟು ವರ್ಷದ ಹುಡುಗಿ, ಕಾಲು ಅವನ ಮೊಣಕಾಲಿಗೆ ಬಡಿಯುತ್ತಿದ್ದವು. ಹಾಗೇ ಮನೆಯ ಮುಂಬಾಗಿಲಿಗೆ ಬಂದು ನಿಂತ.

ಅಜ್ಜಿ ಜಗಲಿಯಲ್ಲಿ ಕೂತು ಅವರೆಕಾಳು ಆರಿಸುತ್ತಿದ್ದಳು. ವರಲಕ್ಷ್ಮಮ್ಮ ಬಾಗಿಲಲ್ಲಿದ್ದಳು, ಗಂಡನ ಮುಖ ನೋಡುವುದು ಬೇಡವೆಂದು ಬೀದಿ ನೋಡುತ್ತಿದ್ದಳು.

"ಅಮ್ಮ," ಎಂದ ಮುನಿವೆಂಕಟಪ್ಪ. ಗಂಟಲು ಸರಿಮಾಡಿಕೊಂಡ. ಕೂಗಲು ಹುಟ್ಟಿದ ಗಂಟಲಿಗೆ ಮೆತ್ತಗೆ ಮಾತಾಡುವುದು ರೂಢಿಯಿರಲಿಲ್ಲ. "ಹುಳ ಸತ್ತಿದ್ದು ಮೊರದಿಂದ ಅಲ್ಲ. ಬೆಳಿಗ್ಗೆ ನಾನು ಹೊಗೆಸೊಪ್ಪು ಹಾಕ್ದೆ. ಟವಲ್ಲಲ್ಲಿ ಕಟ್ಕೊಂಡಿದ್ದೆ, ಅದರಲ್ಲೇ ಸೊಪ್ಪು ತಂದೆ. ಇವಳಿಗೆ ಗೊತ್ತಿತ್ತು. ನಂಗೋಸ್ಕರ ಬಾಯಿ ಮುಚ್ಕೊಂಡ್ಲು. ನಾನು ಇವಳನ್ನೇ ಹೊಡ್ದೆ."

ವರಲಕ್ಷ್ಮಮ್ಮ ಬಂದು ಮಗಳನ್ನು ಅವನ ಸೊಂಟದಿಂದ ತೆಗೆದುಕೊಂಡಳು. ಮುದುಕಿ ಕಾಳಿನ ಮೊರ ಕೆಳಗಿಟ್ಟು, ಗೋಡೆ ಹಿಡಿದು ಎದ್ದು, ಜಗಲಿಯ ಅಂಚಿಗೆ ಬಂದಳು. ಜಗಲಿಯ ಮೇಲೆ ನಿಂತರೂ ಮಗನ ಗಲ್ಲಕ್ಕೆ ಬರುತ್ತಿದ್ದಳು.

"ಬಗ್ಗು."

"ಯಾಕಮ್ಮ?"

"ಬಗ್ಗೋ ಅಂದ್ರೆ."

ಅವನು ಬಗ್ಗಿದ. ಮುದುಕಿ ಬಲಗೈ ಮಡಚಿ, ಮಗನ ನಡುನೆತ್ತಿಯ ಮೇಲೆ ಠಣ್ಣನೆ ಒಂದು ಮೊಟಕಿದಳು. ಒಣಗಿದ ಕೈಯ ಗೆಣ್ಣು, ಕಲ್ಲು ಬಿದ್ದ ಹಾಗಿತ್ತು.

"ಮಗೂ ತಲೆ ಮೇಲೆ ಆಣೆ ಇಡ್ಸಿದ್ದು ನಂದೂ ತಪ್ಪು," ಎಂದಳು. "ಇನ್ಮೇಲೆ ಬರೋದು ಬರ್ಬೇಕಾದ ತಲೆಗೇ ಬರ್ಲಿ."

ತಾಯಿಯ ಸೊಂಟದ ಮೇಲಿಂದ ಶ್ಯಾಮಲ ಕೇಳಿದಳು, "ನೋವಾಯ್ತಾ ಅಪ್ಪ?"

"ಅಷ್ಟೊಂದಿಲ್ಲ," ಎಂದ ಮುನಿವೆಂಕಟಪ್ಪ, ತಲೆ ಉಜ್ಜಿಕೊಳ್ಳುತ್ತ. ಅವಳು ನಕ್ಕಳು. ಸೆರಗು ಅಡ್ಡ ಹಿಡಿದು ವರಲಕ್ಷ್ಮಮ್ಮನೂ ನಕ್ಕಳು. ಮುನಿವೆಂಕಟಪ್ಪನಿಗೆ ರೇಗಬೇಕಿತ್ತು, ಆದರೆ ಅದು ಎಲ್ಲಿಂದ ಬರುತ್ತಿತ್ತೋ ಆ ಜಾಗವೇ ಆ ಹೊತ್ತಿಗೆ ಖಾಲಿಯಿತ್ತು.

ಮರುದಿನ ಬೆಳಿಗ್ಗೆ ತೋಟಕ್ಕೆ ಹೊರಟಾಗ ಅವನು ಮಗಳನ್ನು ಕರೆಯಲೋ ಬೇಡವೋ ಎಂದು ಬಾಗಿಲಲ್ಲಿ ಅನುಮಾನಿಸುತ್ತಿದ್ದ. ಅವಳು ಆಗಲೇ ಬೀದಿಯಲ್ಲಿ ನಿಂತು, ತಡವಾಯ್ತು ಎಂದು ಅವನಿಗೇ ಗದರಿದಳು. ಕೋನಪ್ಪ ಮರದ ಕೆಳಗಿಂದ ಕೈ ಬೀಸಿದ. ಮುನಿವೆಂಕಟಪ್ಪ ಅವನಿಗೆ, ಅವನ ಬಾವಿಗೆ, ಅವನ ಪಂಪಿಗೆ ಸೇರಿಸಿ ದೊಡ್ಡದಾಗಿ ಬೈದ. ಕೋನಪ್ಪನಿಗೆ ನೆಮ್ಮದಿಯಾಯಿತು, ಏನೂ ಕೆಟ್ಟದ್ದಾಗಿಲ್ಲವೆಂದು. ಬರುವಾಗ ಅವಳು ನೆರಳಿನಲ್ಲೇ ಬಂದಳು. ಅವನು ಎರಡು ಸಲ ಹಿಂದಿರುಗಿ ನೋಡಿದ, ಇದ್ದಳು.

ಹುಳುಮನೆಯ ಮುಂದೆ ಹೊರೆ ಇಳಿಸಿ, ಬೂದಿ ಹಾಕಿ, ಹುಣಸೆಹಣ್ಣು ಹಾಕಿ, ಚರ್ಮ ಕೆಂಪಗಾಗುವ ಹಾಗೆ ಕೈ ಉಜ್ಜಿಕೊಂಡು ಬಂದ. ಹೊಸಿಲ ಮೇಲೆ ನಿಂತಿದ್ದ ಮಗಳ ಮುಂದೆ ಚಾಚಿದ. ಅವಳು ಹತ್ತು ಬೆರಳನ್ನೂ ಮೂಸಿದಳು, ಅಂಗೈ ಮೂಸಿದಳು, ತಿರುಗಿಸಿ ಮುಂಗೈ ಮೂಸಿದಳು. ಅವಳಿಗೆ ಹಿಂದೆ ಇಷ್ಟು ಹೊತ್ತು ಹಿಡಿದದ್ದಿಲ್ಲ.

"ಇನ್ನೊಂದ್ಸಲ ತೊಳ್ಕೊಂಡ್ ಬಾರಪ್ಪ," ಎಂದಳು.

ಏನೂ ವಾಸನೆಯಿಲ್ಲವೆಂದು ಅವನಿಗೆ ಗೊತ್ತಿತ್ತು. ಒಳಗೆ ಹುಳ ಹಸಿದಿದ್ದವು, ಸೊಪ್ಪು ಬಿಸಿಲಿಗೆ ಬಾಡುತ್ತಿತ್ತು, ಬಾಗಿಲ ಒಳಗೆ ಅಜ್ಜಿ ಕೆಮ್ಮುತ್ತ ಕಾಯುತ್ತಿದ್ದಳು. ಮುನಿವೆಂಕಟಪ್ಪ ಬಚ್ಚಲ ಕಲ್ಲಿನ ಕಡೆ ತಿರುಗಿ ನಡೆದ.

ಚೊಂಬಿನಲ್ಲಿ ನೀರು ತುಂಬಿಕೊಂಡು, ಸುರಿಯಲು ಅವಳೂ ಹಿಂದೆಯೇ ಹೋದಳು.